ಕ್ರಿಮಿನಾಲಜಿ, ಫೊರೆನ್ಸಿಕ್, ಲಾ: ಪಿಯುಸಿ ಮುಗಿಸಿದವರು ಯಾವುದನ್ನು ಆರಿಸಬೇಕು?

ಪಿಯುಸಿ ರಿಸಲ್ಟ್ ಬಂತು ಅಂದರೆ ಈ ಪ್ರಶ್ನೆ ಶುರು. "ನಂಗೆ ಕ್ರೈಮ್ ಕಡೆ ಇಂಟರೆಸ್ಟ್ ಇದೆ, ಯಾವ ಡಿಗ್ರಿ ತಗೊಳ್ಳಲಿ?" ಕೇಳುವವರಲ್ಲಿ ಆರ್ಟ್ಸ್ ಓದಿದವರೂ ಇರುತ್ತಾರೆ, ನೀಟ್‌ನಲ್ಲಿ ಸೀಟು ತಪ್ಪಿದ ಸೈನ್ಸ್‌ನವರೂ ಇರುತ್ತಾರೆ. ಹಿಂದೆ ನಿಂತ ಅಪ್ಪ ಅಮ್ಮನ ಮುಖದಲ್ಲಿ ಮಾತ್ರ ಒಂದೇ ಅನುಮಾನ: ಇದನ್ನು ಓದಿದರೆ ಕೆಲಸ ಸಿಗುತ್ತಾ?

ಕ್ರೈಮ್ ಕಡೆ ಅಂದರೆ ಯಾವ ಕಡೆ ಅಂತ ಮೊದಲು ನೀವೇ ಕೇಳಿಕೊಳ್ಳಿ. ಪೊಲೀಸ್ ಸ್ಟೇಷನ್ನಾ, ಲ್ಯಾಬಾ, ಕೋರ್ಟಾ, ಜೈಲಾ? ಇವು ನಾಲ್ಕೂ ಬೇರೆ ಬೇರೆ ಕೆಲಸ. ಒಂದೊಂದಕ್ಕೂ ಒಳಗೆ ಹೋಗುವ ದಾರಿ ಬೇರೆ. ಡಿಗ್ರಿಯ ಹೆಸರಿನಲ್ಲಿ 'ಕ್ರಿಮಿನಲ್' ಅನ್ನುವ ಪದ ಇದೆಯಾ ಇಲ್ಲವಾ ಅನ್ನುವುದರಿಂದ ಏನೂ ಆಗುವುದಿಲ್ಲ. ನೇಮಕಾತಿ ಅಧಿಸೂಚನೆಯಲ್ಲಿ 'ವಿದ್ಯಾರ್ಹತೆ' ಅಂತ ಒಂದು ಕಾಲಂ ಇರುತ್ತದಲ್ಲ, ತೀರ್ಮಾನ ಆಗುವುದು ಅಲ್ಲಿ. ಕಾಲೇಜಿನ ಬಣ್ಣದ ಬ್ರೋಷರ್ ನೋಡುವ ಮೊದಲು ಆ ಕಾಲಂ ಓದುವ ಅಭ್ಯಾಸ ಮಾಡಿಕೊಳ್ಳಿ.

ಒಂದೇ ಕೇಸು, ನಾಲ್ಕು ಕೆಲಸ

ಒಂದು ಕೇಸು ಇಟ್ಟುಕೊಳ್ಳೋಣ. ರಾತ್ರಿ ಒಂದು ಮನೆಯಲ್ಲಿ ಜಗಳ, ಚಾಕು ಇರಿತ. ಗಾಯಾಳು ಆಸ್ಪತ್ರೆಯಲ್ಲಿ. ಸ್ಟೇಷನ್‌ನಲ್ಲಿ ಎಫ್‌ಐಆರ್ ಆಗುತ್ತದೆ. ತನಿಖಾಧಿಕಾರಿ, ಅಂದರೆ ಎಲ್ಲರೂ ಕರೆಯುವ ಹಾಗೆ ಐಓ, ಸ್ಥಳಕ್ಕೆ ಹೋಗಿ ಇಬ್ಬರು ಪಂಚರನ್ನು, ಅಂದರೆ ಸ್ಥಳದ ಸಾಕ್ಷಿಗಳನ್ನು, ಕರೆದು ಮಹಜರು ಬರೆಯುತ್ತಾರೆ. ಬಾಗಿಲು ಯಾವ ದಿಕ್ಕಿಗಿದೆ, ರಕ್ತದ ಕಲೆ ಗೋಡೆಯಿಂದ ಎಷ್ಟು ದೂರ, ಬಲ್ಬ್ ಉರಿಯುತ್ತಿತ್ತಾ, ಎಲ್ಲವೂ ಅದರಲ್ಲಿ ಬರಬೇಕು. 2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 105ರ ಪ್ರಕಾರ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಇಷ್ಟೆಲ್ಲ ನಡೆಯುವಾಗ ಹೊರಗೆ ಜನ ಸೇರಿರುತ್ತಾರೆ, ಫೋನು ಹೊಡೆದುಕೊಳ್ಳುತ್ತಲೇ ಇರುತ್ತದೆ, ಊಟ ಆಗಿರುವುದಿಲ್ಲ. ಮೊದಲನೆಯ ಕೆಲಸ ಇದು.

ಚಾಕು ಮತ್ತು ರಕ್ತ ಹತ್ತಿದ ಬಟ್ಟೆ ಮುದ್ದೆಮಾಲು, ಅಂದರೆ ಕೇಸಿನ ವಸ್ತು ಸಾಕ್ಷ್ಯ ಆಗುತ್ತವೆ. ಕವರಿಗೆ ಹಾಕಿ, ಅರಗು ಕಾಯಿಸಿ, ಮೊಹರು ಒತ್ತಿ ಎಫ್‌ಎಸ್‌ಎಲ್‌ಗೆ, ಅಂದರೆ ಸಾಕ್ಷ್ಯ ಪರೀಕ್ಷಿಸುವ ವಿಧಿವಿಜ್ಞಾನ (ಫೊರೆನ್ಸಿಕ್) ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜೊತೆಗೆ ಮೊಹರಿನ ಒಂದು ಮಾದರಿಯೂ ಹೋಗುತ್ತದೆ. ಲ್ಯಾಬ್‌ನಲ್ಲಿ ಕವರ್ ಬಿಚ್ಚುವ ಮೊದಲು ಮಾಡುವ ಕೆಲಸ ಏನು ಗೊತ್ತಾ? ಪೊಟ್ಟಣದ ಮೇಲಿನ ಮೊಹರನ್ನೂ ಮಾದರಿ ಮೊಹರನ್ನೂ ಅಕ್ಕಪಕ್ಕ ಇಟ್ಟು ನೋಡುವುದು. ಹೊಂದದಿದ್ದರೆ ಅಲ್ಲೇ ಬರೆದಿಡಬೇಕು. ಆಮೇಲೆ ತಾನೇ ರಕ್ತ, ಡಿಎನ್‌ಎ ಎಲ್ಲ. ಟಿವಿಯಲ್ಲಿ ತೋರಿಸುವ ನೀಲಿ ಬೆಳಕಿನ ಕೋಣೆಗಿಂತ ಈ ಕೆಲಸದಲ್ಲಿ ರಿಜಿಸ್ಟರ್, ಲೇಬಲ್, ಸಹಿಗಳೇ ಜಾಸ್ತಿ.

ಮೂರನೆಯದು ಕೋರ್ಟಿನ ಕೆಲಸ. ಚಾರ್ಜ್‌ಶೀಟ್ ಆಗಿ ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಪಂಚನೊಬ್ಬ ತಿರುಗಿಬಿದ್ದಿರುತ್ತಾನೆ. "ನಂಗೇನೂ ಗೊತ್ತಿಲ್ಲ ಸ್ವಾಮಿ, ಸ್ಟೇಷನ್‌ನಲ್ಲಿ ಸಹಿ ಹಾಕು ಅಂದರು, ಹಾಕಿದೆ" ಅನ್ನುತ್ತಾನೆ. ಆಗ ಸರ್ಕಾರಿ ಅಭಿಯೋಜಕರು ಕೇಸನ್ನು ಹೇಗೆ ಎತ್ತಿ ಹಿಡಿಯುತ್ತಾರೆ, ಎದುರು ವಕೀಲರು ಹೇಗೆ ಕೆಡವುತ್ತಾರೆ ಅನ್ನುವುದೇ ಆಟ. ಇನ್ನು ನಾಲ್ಕನೆಯದು. ಇರಿದವನಿಗೆ ಹದಿನೇಳು ವರ್ಷ ಅಂದುಕೊಳ್ಳಿ. ಕೇಸು ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಪರಿವೀಕ್ಷಣಾಧಿಕಾರಿ ಆ ಹುಡುಗನ ಮನೆ, ಶಾಲೆ, ಸಹವಾಸ ಎಲ್ಲ ವಿಚಾರಿಸಿ ಎರಡು ವಾರದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಇರಿದವನು ಹದಿನೆಂಟು ದಾಟಿದವನಾಗಿದ್ದು ಶಿಕ್ಷೆ ಆಗಿದ್ದರೆ ಜೈಲಿನ ಅಧಿಕಾರಿಗಳು, ಆಪ್ತಸಮಾಲೋಚಕರು ಇರುತ್ತಾರೆ.

ಈ ನಾಲ್ಕರಲ್ಲಿ ಯಾವುದನ್ನು ಓದುವಾಗ "ಇದು ನಾನು ಮಾಡಬಲ್ಲೆ" ಅನ್ನಿಸಿತು? ಅದನ್ನು ಹಿಡಿದುಕೊಂಡು ಮುಂದೆ ಓದಿ.

ಬಿಎ ಕ್ರಿಮಿನಾಲಜಿ

ಕ್ರಿಮಿನಲ್ ಜಸ್ಟಿಸ್ ಡಿಗ್ರಿ ಅಂತ ಇಂಟರ್ನೆಟ್‌ನಲ್ಲಿ ಹುಡುಕಿದರೆ ಬರುವುದು ಬಹುತೇಕ ಅಮೆರಿಕದ ಕೋರ್ಸುಗಳು. ನಮ್ಮಲ್ಲಿ ಅದಕ್ಕೆ ಹತ್ತಿರ ಇರುವುದು ಅಪರಾಧಶಾಸ್ತ್ರ. ಕರ್ನಾಟಕದಲ್ಲಿ ಇದು ಹೊಸದೇನಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಹಿಂದಿನಿಂದಲೂ ಇದೆ. ಆ ಭಾಗದ ಕೆಲವು ಕಾಲೇಜುಗಳಲ್ಲಿ ಬಿಎಗೆ ಇದೂ ಒಂದು ಐಚ್ಛಿಕ ವಿಷಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಬಿಎ ಜೊತೆ ಓದಬಹುದು. ಅಂದರೆ ಇತಿಹಾಸ, ಸಮಾಜಶಾಸ್ತ್ರ, ಮನಃಶಾಸ್ತ್ರದ ಹಾಗೆ ಕಾಂಬಿನೇಷನ್‌ನಲ್ಲಿ ಒಂದು ವಿಷಯ. 2024-25ರಿಂದ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿದೆ, ಹಾಗಾಗಿ ಮೂರೇ ವರ್ಷದ ಮಾತು.

ಪಾಠ ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹುಟ್ಟಿನಿಂದಲೇ ಕೆಲವರು ಅಪರಾಧಿಗಳು, ಮುಖ ನೋಡಿದರೆ ಗೊತ್ತಾಗುತ್ತದೆ ಅಂತ ಇಟಲಿಯ ಲೊಂಬ್ರೊಸೊ 19ನೇ ಶತಮಾನದಲ್ಲಿ ವಾದಿಸಿದ್ದು, ಆ ವಾದ ಬಿದ್ದುಹೋಗಿದ್ದು, ಕೋಟು ತೊಟ್ಟ ದೊಡ್ಡ ಮನುಷ್ಯರ ಅಪರಾಧಗಳ ಕಡೆ 1939ರಲ್ಲಿ ಸದರ್‌ಲ್ಯಾಂಡ್ ಕೈ ತೋರಿಸಿದ್ದು, ಎಲ್ಲ ಓದುತ್ತೀರಿ. ಶಿಕ್ಷೆ ಯಾಕೆ, ಜೈಲು ಏನು ಮಾಡುತ್ತದೆ, ಸಂತ್ರಸ್ತರಿಗೆ ಏನು ಸಿಗುತ್ತದೆ, ಪೊಲೀಸ್ ವ್ಯವಸ್ಥೆ ಹೇಗಿದೆ, ಇವೂ ಇರುತ್ತವೆ. ಫೊರೆನ್ಸಿಕ್‌ನ ಪರಿಚಯವೂ ಆಗುತ್ತದೆ. ಪರಿಚಯ ಅಷ್ಟೇ. ಬೆರಳಚ್ಚಿನ ಬಗ್ಗೆ ಎರಡು ಅಧ್ಯಾಯ ಓದಿದವರು ಬೆರಳಚ್ಚು ತಜ್ಞರಾಗುವುದಿಲ್ಲ.

ತೊಂದರೆ ಇರುವುದು ಆಮೇಲೆ. "ಬಿಎ ಕ್ರಿಮಿನಾಲಜಿ ಆಗಿರಬೇಕು" ಅಂತ ಕೇಳುವ ಸರ್ಕಾರಿ ಹುದ್ದೆ ಸಿಗುವುದೇ ಅಪರೂಪ. ಪಿಎಸ್‌ಐ ಆಗಲು ಯಾವ ಡಿಗ್ರಿ ಆದರೂ ನಡೆಯುತ್ತದೆ. ಕಾನ್‌ಸ್ಟೆಬಲ್‌ಗೆ ಪಿಯುಸಿ ಸಾಕು. ಯುಪಿಎಸ್‌ಸಿ ಬರೆದು ಐಪಿಎಸ್ ಆಗುತ್ತೇನೆ ಅನ್ನುವವರು ಒಂದು ವಿಷಯ ಗಮನಿಸಿ: ಅಲ್ಲಿನ ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಕ್ರಿಮಿನಾಲಜಿ ಇಲ್ಲ. ಕಾನೂನು ಇದೆ, ಸಮಾಜಶಾಸ್ತ್ರ ಇದೆ, ಮನಃಶಾಸ್ತ್ರ ಇದೆ. ಆದ್ದರಿಂದ ಕ್ರಿಮಿನಾಲಜಿಯ ಜೊತೆ ಯಾವ ವಿಷಯ ಸೇರಿಸುತ್ತೀರಿ ಅನ್ನುವುದು ಕ್ರಿಮಿನಾಲಜಿಯಷ್ಟೇ ಮುಖ್ಯ. ಸಮಾಜಶಾಸ್ತ್ರ ಅಥವಾ ಮನಃಶಾಸ್ತ್ರ ಜೊತೆಗಿದ್ದರೆ ಮುಂದೆ ಎಂಎ, ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ), ಯುಪಿಎಸ್‌ಸಿ, ಮೂರು ಕಡೆಗೂ ಬಾಗಿಲು ತೆರೆದಿರುತ್ತದೆ.

ನನ್ನ ಮಟ್ಟಿಗೆ ಬಿಎ ಕ್ರಿಮಿನಾಲಜಿ ಒಳ್ಳೆಯ ಓದು. ಆದರೆ ಅದೊಂದರಿಂದಲೇ ಕೆಲಸ ಸಿಗುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ, ಸಾವಿರಗಳ ಲೆಕ್ಕದ ಫೀಸಿನಲ್ಲಿ, ಮನೆಗೆ ಹತ್ತಿರ ಸಿಕ್ಕರೆ ಕಣ್ಣು ಮುಚ್ಚಿ ಸೇರಬಹುದು. ಇದೇ ಬಿಎಗೆ ಖಾಸಗಿ ವಿಶ್ವವಿದ್ಯಾಲಯವೊಂದು ವರ್ಷಕ್ಕೆ ಲಕ್ಷಗಟ್ಟಲೆ ಕೇಳಿದರೆ ಕೈ ಮುಗಿದು ಬನ್ನಿ.

ಬಿಎಸ್ಸಿ ಫೊರೆನ್ಸಿಕ್ ಸೈನ್ಸ್

ಇದಕ್ಕೆ ಪಿಯುಸಿಯಲ್ಲಿ ಸೈನ್ಸ್ ಆಗಿರಬೇಕು. ಆರ್ಟ್ಸ್, ಕಾಮರ್ಸ್‌ನವರು ಇಲ್ಲಿಗೆ ಬಿಟ್ಟು ಮುಂದಿನದಕ್ಕೆ ಹೋಗಬಹುದು.

ಈಗ ಜಾಸ್ತಿ ಬೇಡಿಕೆ ಇರುವ ಕೋರ್ಸ್ ಇದು. ಅದಕ್ಕೆ ಕಾರಣವೂ ಇದೆ. ಹೊಸ ಸಂಹಿತೆಯ ಸೆಕ್ಷನ್ 176(3)ರ ಪ್ರಕಾರ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಕರ್ನಾಟಕದಲ್ಲಿ ಇದಕ್ಕೂ ಮೊದಲೇ ಅಪರಾಧ ಸ್ಥಳ ಪರಿಶೀಲನಾ ಅಧಿಕಾರಿ, ಅಂದರೆ ಸೋಕೊ ಹುದ್ದೆಗಳು ಬಂದಿವೆ. ಬೆಂಗಳೂರಿನ ಮಡಿವಾಳದಲ್ಲಿ ರಾಜ್ಯದ ಮುಖ್ಯ ಎಫ್‌ಎಸ್‌ಎಲ್ ಇದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಯಂಥ ಕಡೆ ಪ್ರಾದೇಶಿಕ ಲ್ಯಾಬ್‌ಗಳಿವೆ. ಕೆಲಸ ಹೆಚ್ಚುತ್ತಿದೆ ಅನ್ನುವುದು ನಿಜ.

ಆದರೂ ಸ್ವಲ್ಪ ತಡೆಯಿರಿ. ಲ್ಯಾಬ್ ಅಂದರೆ ಒಂದು ಕೋಣೆ ಅಲ್ಲ. ವಿಷಶಾಸ್ತ್ರ, ರಸಾಯನ, ಜೀವಶಾಸ್ತ್ರ ಮತ್ತು ಡಿಎನ್‌ಎ, ಬಂದೂಕು-ಗುಂಡು, ಕೈಬರಹದ ದಾಖಲೆ, ಮೊಬೈಲ್-ಕಂಪ್ಯೂಟರ್ ಅಂತ ವಿಭಾಗಗಳಿವೆ. ವೈಜ್ಞಾನಿಕ ಅಧಿಕಾರಿ ಹುದ್ದೆಗೆ ಕರೆದಾಗ ಆಯಾ ವಿಭಾಗಕ್ಕೆ ತಕ್ಕ ಎಂಎಸ್ಸಿ ಕೇಳುವುದೇ ಹೆಚ್ಚು. ವಿಷಶಾಸ್ತ್ರ ವಿಭಾಗಕ್ಕೆ ಕೆಮಿಸ್ಟ್ರಿ ಗಟ್ಟಿ ಇರುವವರು ಬೇಕು, ಎಲ್ಲದರ ರುಚಿ ನೋಡಿದವರಲ್ಲ. ಹೀಗಾಗಿ ಬಿಎಸ್ಸಿಯಲ್ಲಿ ಕೆಮಿಸ್ಟ್ರಿ ಅಥವಾ ಬಯೋಟೆಕ್ ಚೆನ್ನಾಗಿ ಓದಿ, ಎಂಎಸ್ಸಿಗೆ ಫೊರೆನ್ಸಿಕ್ ತೆಗೆದುಕೊಳ್ಳುವ ದಾರಿ ಎಷ್ಟೋ ಸಲ ಸುರಕ್ಷಿತ. ಫೊರೆನ್ಸಿಕ್ ಹುದ್ದೆ ಸಿಗದಿದ್ದರೂ ಫಾರ್ಮಾ ಕಂಪನಿಯ ಕ್ವಾಲಿಟಿ ಲ್ಯಾಬ್ ಇರುತ್ತದೆ, ಬಿ.ಎಡ್ ಇರುತ್ತದೆ. ಬರೀ ಬಿಎಸ್ಸಿ ಫೊರೆನ್ಸಿಕ್ ಮುಗಿಸಿ ಅಲ್ಲಿಗೇ ಓದು ನಿಲ್ಲಿಸುವ ಲೆಕ್ಕದಲ್ಲಿದ್ದರೆ ಇದು ನಿಮಗಲ್ಲ. ಐದು ವರ್ಷ ಓದುತ್ತೇನೆ ಅನ್ನುವವರಿಗೆ ಮಾತ್ರ.

ಎರಡು ತಪ್ಪು ಕಲ್ಪನೆಗಳನ್ನೂ ಇಲ್ಲೇ ಬಿಡಿಸಿಬಿಡೋಣ. ಶವಪರೀಕ್ಷೆ ಮಾಡುವವರು ಡಾಕ್ಟರುಗಳು. ಫೊರೆನ್ಸಿಕ್ ಮೆಡಿಸಿನ್ ಬೇಕಾದರೆ ಎಂಬಿಬಿಎಸ್ ದಾರಿಯೇ ಹಿಡಿಯಬೇಕು. ನೀಟ್ ತಪ್ಪಿತು ಅಂತ ಇಲ್ಲಿಗೆ ಬಂದು ಶವಾಗಾರದ ಕನಸು ಕಾಣುವವರಿಗೆ ಇದನ್ನು ಮೊದಲೇ ಹೇಳಬೇಕು. ಇನ್ನೊಂದು, ಮಂಪರು ಪರೀಕ್ಷೆ. ಒಂದು ಕಾಲದಲ್ಲಿ ಬೆಂಗಳೂರಿನ ಎಫ್‌ಎಸ್‌ಎಲ್ ಅಂದರೆ ಜನಕ್ಕೆ ನೆನಪಾಗುತ್ತಿದ್ದದ್ದೇ ಅದು. 2010ರ ಮೇನಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಅಂತ ಹೇಳಿತು. ಅದನ್ನೇ ನಂಬಿಕೊಂಡು ಕೋರ್ಸ್ ಆರಿಸುವ ಕಾಲ ಹೋಯಿತು.

ಕಾಲೇಜಿನ ಮಾತಿಗೆ ಬಂದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ, ಎನ್‌ಎಫ್‌ಎಸ್‌ಯು, ಮೊದಲು ನೋಡಬೇಕಾದದ್ದು. ಮುಖ್ಯ ಕ್ಯಾಂಪಸ್ ಗಾಂಧಿನಗರದಲ್ಲಿ. 2020ರ ಕಾಯ್ದೆಯಿಂದ ಆದ ರಾಷ್ಟ್ರೀಯ ಮಹತ್ವದ ಸಂಸ್ಥೆ. ಧಾರವಾಡದಲ್ಲೂ ಕ್ಯಾಂಪಸ್ ಬಂದಿದೆ, ನಮ್ಮವರಿಗೆ ಇದು ದೊಡ್ಡ ಅನುಕೂಲ. ಆದರೆ ಎಲ್ಲ ಕೋರ್ಸೂ ಎಲ್ಲ ಕ್ಯಾಂಪಸ್‌ನಲ್ಲಿ ಇರುವುದಿಲ್ಲ, ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿಯೇ ಅರ್ಜಿ ಹಾಕಿ. ಖಾಸಗಿಯವರ ಬಗ್ಗೆ ಒಂದೇ ಮಾತು. ಲ್ಯಾಬ್ ತೋರಿಸಿ ಅಂತ ಕೇಳಿ. ಎರಡು ಗುಂಡುಗಳ ಗೀರನ್ನು ಒಟ್ಟಿಗೆ ನೋಡುವ ಕಂಪ್ಯಾರಿಸನ್ ಮೈಕ್ರೋಸ್ಕೋಪ್ ಇದೆಯಾ? ಇದ್ದರೆ ಅದರ ಮೇಲೆ ಧೂಳು ಕೂತಿದೆಯಾ?

ಐದು ವರ್ಷದ ಲಾ

ಈ ಪಟ್ಟಿಯಲ್ಲಿ ಅತಿ ಹೆಚ್ಚು ಬಾಗಿಲು ತೆರೆಯುವುದು ಇದೇ. ವಕೀಲಿಕೆ, ಸಹಾಯಕ ಸರ್ಕಾರಿ ಅಭಿಯೋಜಕ, ನ್ಯಾಯಾಧೀಶ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಾನೂನು ಅಧಿಕಾರಿ, ಇವಕ್ಕೆ ಕಾನೂನು ಪದವಿ ಇಲ್ಲದೆ ಆಗುವುದೇ ಇಲ್ಲ. ಪಿಎಸ್‌ಐ, ಯುಪಿಎಸ್‌ಸಿಗೂ ಇದು ನಡೆಯುತ್ತದೆ. ಕೊನೆಗೆ ಸರ್ಕಾರಿ ಕೆಲಸ ಯಾವುದೂ ಆಗಲಿಲ್ಲ ಅಂದರೂ ಸನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ ಇರುತ್ತದೆ, ತಾಲ್ಲೂಕು ಕೋರ್ಟಿನ ಮುಂದೆ ಒಂದು ಟೇಬಲ್ ಹಾಕಿಕೊಂಡು ಕೂರಬಹುದು. ಬೇರೆ ಯಾವ ಡಿಗ್ರಿಗೂ ಈ ಅನುಕೂಲ ಇಲ್ಲ.

ಪಿಯುಸಿಯಲ್ಲಿ ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್ ಬೇಕು, ಮೀಸಲಾತಿ ಇದ್ದವರಿಗೆ ಕಡಿಮೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ಗೆ ಹೋಗಬೇಕಾದರೆ ಕ್ಲ್ಯಾಟ್ ಬರೆಯಬೇಕು. ಎರಡು ಗಂಟೆ, 120 ಪ್ರಶ್ನೆ, ಪೂರ್ತಿ ಇಂಗ್ಲಿಷ್. ಪರೀಕ್ಷೆ ನಡೆಯುವುದು ಡಿಸೆಂಬರ್‌ನಲ್ಲಿ, ಅಂದರೆ ನೀವು ಇನ್ನೂ ಸೆಕೆಂಡ್ ಪಿಯುಸಿಯಲ್ಲಿ ಕೂತಿರುವಾಗ. ರಿಸಲ್ಟ್ ಬಂದ ಮೇಲೆ ಕೇಳುವವರಿಗೆ ಆ ಬಸ್ಸು ಆಗಲೇ ಹೋಗಿರುತ್ತದೆ. ಇಲ್ಲೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ: ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ವಿದ್ಯಾರ್ಥಿಗಳಿಗೆ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ 25 ಪರ್ಸೆಂಟ್ ಮೀಸಲಾತಿ ಇದೆ. ಫೀಸು ಮಾತ್ರ ವರ್ಷಕ್ಕೆ ಲಕ್ಷಗಳ ಲೆಕ್ಕ. ಸಾಲ ಅಥವಾ ವಿದ್ಯಾರ್ಥಿವೇತನ ಮೊದಲೇ ಯೋಚಿಸಿಕೊಳ್ಳಿ.

ಕ್ಲ್ಯಾಟ್ ಇಲ್ಲದೆಯೂ ಲಾ ಓದಬಹುದು. ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ರಾಜ್ಯದ ತುಂಬ ಲಾ ಕಾಲೇಜುಗಳಿವೆ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರೂ ಇದ್ದಾರೆ. ಕೆಳ ಹಂತದ ಕೋರ್ಟುಗಳಲ್ಲಿ ಕ್ರಿಮಿನಲ್ ಕೇಸು ನಡೆಸುವವರಿಗೆ ಕನ್ನಡವೇ ಬಂಡವಾಳ. ಸಾಕ್ಷಿ ಮಾತಾಡುವುದು ಕನ್ನಡದಲ್ಲಿ, ಮಹಜರು ಇರುವುದು ಕನ್ನಡದಲ್ಲಿ. ಪಂಚ "ಅವತ್ತು ಹೊತ್ತು ಮುಳುಗೋ ಟೈಮು" ಅಂದಾಗ ಅದು ಆರು ಗಂಟೆಯಾ ಏಳೂವರೆಯಾ ಅಂತ ಪಾಟಿ ಸವಾಲಿನಲ್ಲಿ ಹಿಡಿಯುವುದಕ್ಕೆ ಆ ಭಾಷೆ ಒಳಗಿನಿಂದ ಗೊತ್ತಿರಬೇಕು.

ಕಷ್ಟದ ಮಾತೂ ಹೇಳಬೇಕಲ್ವಾ? ಡಿಗ್ರಿ ಆದ ಮೇಲೆ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆಲ್ ಇಂಡಿಯಾ ಬಾರ್ ಪರೀಕ್ಷೆ. ಆಮೇಲೆ ಸೀನಿಯರ್ ಆಫೀಸಿನಲ್ಲಿ ಕೆಲವು ವರ್ಷ ಬಸ್ ಚಾರ್ಜಿಗೂ ಸಾಲದ ಸಂಪಾದನೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಸಿವಿಲ್ ಜಡ್ಜ್ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಮತ್ತೆ ಕಡ್ಡಾಯ ಆಗಿದೆ. ಕಾಲೇಜಿನಿಂದ ನೇರವಾಗಿ ಜಡ್ಜ್ ಆಗುವ ದಾರಿ ಮುಚ್ಚಿದೆ. ಮನೆಯಲ್ಲಿ ಬೇಗ ಸಂಬಳ ಬೇಕಾದ ಪರಿಸ್ಥಿತಿ ಇದ್ದರೆ ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಇನ್ನು ನಾನು ಹೆಚ್ಚಿನವರಿಗೆ ತೋರಿಸುವ ಒಂದು ಲೆಕ್ಕ. ಪಿಯುಸಿ ಆದ ಮೇಲೆ ಐದು ವರ್ಷದ ಲಾ ಓದಿದರೆ ಐದು ವರ್ಷ. ಬಿಎ ಕ್ರಿಮಿನಾಲಜಿ ಮೂರು, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ, ಒಟ್ಟು ಆರು. ವ್ಯತ್ಯಾಸ ಒಂದೇ ವರ್ಷ. ಆ ಒಂದು ವರ್ಷ ಕೊಟ್ಟರೆ ಸಿಗುವುದೇನು? ಮೂರನೇ ವರ್ಷದ ಕೊನೆಗೆ ಕೈಯಲ್ಲಿ ಒಂದು ಪದವಿ ಇರುತ್ತದೆ. ಇಪ್ಪತ್ತೊಂದು ತುಂಬಿದರೆ ಪಿಎಸ್‌ಐ ಪರೀಕ್ಷೆ ಬರೆಯಬಹುದು. ಲಾ ಬೇಡ ಅನ್ನಿಸಿದರೆ ಎಂಎಸ್‌ಡಬ್ಲ್ಯು ಕಡೆ ತಿರುಗಬಹುದು. ಹದಿನೆಂಟನೇ ವಯಸ್ಸಿಗೆ ವಕೀಲನಾಗುತ್ತೇನೆ ಅಂತ ಖಚಿತವಾಗಿ ಗೊತ್ತಿರುವವರು ಐದು ವರ್ಷದ್ದು ತೆಗೆದುಕೊಳ್ಳಲಿ. ಗೊತ್ತಿಲ್ಲದವರಿಗೆ ಮೂರು ಮತ್ತು ಮೂರು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ಅಂಚೆ ಮೂಲಕ ಅಥವಾ ಆನ್‌ಲೈನ್‌ನಲ್ಲಿ ಎಲ್‌ಎಲ್‌ಬಿ ಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಥ ಪದವಿ ಇಟ್ಟುಕೊಂಡು ವಕೀಲರಾಗಲು ಬಾರ್ ಕೌನ್ಸಿಲ್ ಬಿಡುವುದಿಲ್ಲ.

ಖಾಕಿಯೇ ಬೇಕು ಅನ್ನುವವರಿಗೆ

ಹಾಗಾದರೆ ಡಿಗ್ರಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಸುಲಭವಾಗಿ ಮುಗಿಯುವ, ಓದಲು ಟೈಮ್ ಕೊಡುವ ಡಿಗ್ರಿ ಸಾಕು. ಪಿಎಸ್‌ಐ ಆಯ್ಕೆ ನಿರ್ಧಾರ ಆಗುವುದು ಮೈದಾನದಲ್ಲಿ ಮತ್ತು ಎರಡು ಪೇಪರ್‌ಗಳಲ್ಲಿ. ಈಚಿನ ನೇಮಕಾತಿಗಳಲ್ಲಿ ಗಂಡಸರಿಗೆ ಎತ್ತರ 168 ಸೆಂಟಿಮೀಟರ್, ಹೆಂಗಸರಿಗೆ 157. ಗಂಡಸರು 1600 ಮೀಟರನ್ನು ಏಳು ನಿಮಿಷದಲ್ಲಿ ಓಡಬೇಕು, ಹೆಂಗಸರು 400 ಮೀಟರನ್ನು ಎರಡು ನಿಮಿಷದಲ್ಲಿ. ಆಮೇಲೆ 50 ಅಂಕದ ಒಂದು ಪೇಪರ್, ಅದರಲ್ಲಿ ಪ್ರಬಂಧ, ಸಾರಾಂಶ, ಅನುವಾದ. 150 ಅಂಕದ ಇನ್ನೊಂದು, ಸಾಮಾನ್ಯ ಜ್ಞಾನ. ಕ್ರಿಮಿನಾಲಜಿ ಓದಿದವರಿಗೆ ಪ್ರತ್ಯೇಕ ಅಂಕ ಇಲ್ಲ. ಎತ್ತರ ಮೊದಲೇ ಅಳೆದುಕೊಳ್ಳಿ, ಮೂರು ವರ್ಷ ಓದಿ ಒಂದು ಸೆಂಟಿಮೀಟರ್‌ಗೆ ವಾಪಸ್ ಬರುವುದು ಬೇಡ.

ನೇಮಕಾತಿ ಕ್ಯಾಲೆಂಡರನ್ನೂ ನಂಬಿ ಕೂರಬೇಡಿ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆದು, ಅಕ್ರಮ ಹೊರಬಿದ್ದು, 2022ರಲ್ಲಿ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕಿಂತ ಹೆಚ್ಚು ಸಮಯ ಸುಮ್ನೆ ಹೋಯಿತು. ಅಂಥ ಹೊತ್ತಿನಲ್ಲಿ ಕೈ ಹಿಡಿಯುವ ಇನ್ನೊಂದು ಓದು ಇರಲಿ ಅಂತಲೇ ಮೇಲೆ ಲಾ ಬಗ್ಗೆ ಅಷ್ಟು ಹೇಳಿದ್ದು.

ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಮೂಲ ಗುಜರಾತಿನ ಗಾಂಧಿನಗರದ ಹತ್ತಿರದ್ದು, ಕೇಂದ್ರ ಗೃಹ ಸಚಿವಾಲಯದ ಅಡಿಯ ಸಂಸ್ಥೆ. ಶಿಸ್ತು, ಕವಾಯತು, ಪೊಲೀಸ್ ಆಡಳಿತದ ಪಾಠ ಬೇಕಾದವರಿಗೆ ಹೊಂದುತ್ತದೆ. ಆದರೆ ಅಲ್ಲಿ ಓದಿದರೆ ನೇರವಾಗಿ ಇನ್‌ಸ್ಪೆಕ್ಟರ್ ಆಗುತ್ತಾರೆ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಎಲ್ಲರ ಹಾಗೆ ಅವರೂ ಪರೀಕ್ಷೆ ಬರೆಯಬೇಕು.

ಬಿಎಸ್‌ಡಬ್ಲ್ಯು, ಮನಃಶಾಸ್ತ್ರ, ಬಿಸಿಎ

ಯಾರೂ ಕೇಳದ, ಆದರೆ ಕೇಳಬೇಕಾದ ದಾರಿ ಸಮಾಜಕಾರ್ಯದ್ದು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಏಳು ವರ್ಷದ ಮಗುವಿನ ಪಕ್ಕ ಕೂತು ಅದಕ್ಕೆ ಧೈರ್ಯ ತುಂಬುವವರು ಬೇಕು. ಜೈಲಿನಿಂದ ಹೊರಬಂದವನಿಗೆ ಬಾಡಿಗೆ ಮನೆ ಕೊಡಿಸಲು ಓಡಾಡುವವರು ಬೇಕು. ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರುತ್ತಾರೆ ಅಂತ ಎಷ್ಟು ಜನಕ್ಕೆ ಗೊತ್ತು? ಬಿಎಸ್‌ಡಬ್ಲ್ಯು ಆಮೇಲೆ ಎಂಎಸ್‌ಡಬ್ಲ್ಯು ಮಾಡಿದವರಿಗೆ ಮಕ್ಕಳ ರಕ್ಷಣಾ ಘಟಕ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸ ಇದೆ. ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯವೂ ಇದೆ, ಎಂಎಸ್ಸಿ ಮಟ್ಟದಲ್ಲಿ ಕ್ರಿಮಿನಾಲಜಿಯೂ ಇದೆ. ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ಅಪರಾಧ ಮತ್ತು ನ್ಯಾಯದ ಮೇಲೆಯೇ ಸಮಾಜಕಾರ್ಯದ ಎಂಎ ಇದೆ. ಸಂಬಳ ಕಡಿಮೆ, ಗುತ್ತಿಗೆ ಕೆಲಸ ಜಾಸ್ತಿ. ಇದನ್ನು ಮುಚ್ಚಿಟ್ಟು ಹೊಗಳುವುದು ಸರಿಯಲ್ಲ.

ಸೈಬರ್ ಅಪರಾಧದ ಕಡೆ ಮನಸ್ಸಿದ್ದರೆ ಬಿಸಿಎ ಅಥವಾ ಕಂಪ್ಯೂಟರ್ ಎಂಜಿನಿಯರಿಂಗ್ ಮಾಡಿ, ಆಮೇಲೆ ಡಿಜಿಟಲ್ ಫೊರೆನ್ಸಿಕ್ಸ್. ಬೆಂಗಳೂರಿನಲ್ಲಿ 2001ರಲ್ಲೇ ಸೈಬರ್ ಕ್ರೈಮ್ ಸ್ಟೇಷನ್ ಬಂತು, ಈಗ ಜಿಲ್ಲೆ ಜಿಲ್ಲೆಗೂ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಸೆನ್ ಠಾಣೆಗಳಿವೆ. ಹೊಸ ಸಾಕ್ಷ್ಯ ಕಾನೂನಿನ ಸೆಕ್ಷನ್ 63ರ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಮೌಲ್ಯ, ಅಂದರೆ ಅದರ ಬೆರಳಚ್ಚಿನಂಥ ಒಂದು ಸಂಖ್ಯೆ ಬರೆಯಬೇಕು. ಅದೇನು ಅಂತ ಕೋರ್ಟಿಗೆ ಬಿಡಿಸಿ ಹೇಳುವವರಿಗೆ ಮುಂದೆ ಕೆಲಸಕ್ಕೆ ಬರ ಬರಲಾರದು. ಪತ್ತೇದಾರಿ ಏಜೆನ್ಸಿಗಳ ಡಿಪ್ಲೊಮಾಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಕಾನೂನೇ ನಮ್ಮಲ್ಲಿ ಇಲ್ಲ. 2007ರ ಮಸೂದೆ ಕಾಯ್ದೆ ಆಗಲೇ ಇಲ್ಲ.

ಅಮೆರಿಕದ ಕ್ರಿಮಿನಲ್ ಜಸ್ಟಿಸ್ ಡಿಗ್ರಿ

ಅಲ್ಲಿ ಇದು ಬಹಳ ಜನ ಓದುವ ಪದವಿ. ನ್ಯೂಯಾರ್ಕಿನ ಜಾನ್ ಜೇ ಕಾಲೇಜಿನಂಥ ಸಂಸ್ಥೆಗಳು ಇದಕ್ಕೇ ಹೆಸರಾಗಿವೆ. ಅಲ್ಲೇ ಹುಟ್ಟಿ ಬೆಳೆದ ಕನ್ನಡದ ಮನೆಗಳ ಮಕ್ಕಳಿಗೆ ಇದು ಸರಿಯಾದ ಆಯ್ಕೆ ಆಗಬಹುದು. ಎಫ್‌ಬಿಐ ಸ್ಪೆಷಲ್ ಏಜೆಂಟ್ ಆಗಲು ಯಾವುದಾದರೂ ಒಂದು ಪದವಿ ಮತ್ತು ಅಮೆರಿಕದ ಪೌರತ್ವ ಬೇಕು. ಇಲ್ಲಿಂದ ವಿದ್ಯಾರ್ಥಿ ವೀಸಾದಲ್ಲಿ ಹೋಗುವವರಿಗೆ ಈ ಕೆಲಸಗಳ ಬಾಗಿಲು ಬಹುತೇಕ ಮುಚ್ಚಿರುತ್ತದೆ, ಪೊಲೀಸ್ ಕೆಲಸಕ್ಕೂ ಅಷ್ಟೇ. ಅಷ್ಟು ಸಾಲ ಮಾಡಿ ಓದಿ ವಾಪಸ್ ಬಂದರೆ ಇಲ್ಲಿನ ಅಧಿಸೂಚನೆಯಲ್ಲಿ ಅದಕ್ಕೆ "ಯಾವುದೇ ಪದವಿ" ಅನ್ನುವ ಬೆಲೆ ಅಷ್ಟೇ, ಅದೂ ತತ್ಸಮಾನ ಪ್ರಮಾಣಪತ್ರ ತಂದ ಮೇಲೆ. ಹೋಗಲೇಬೇಕು ಅಂದರೆ ಇಲ್ಲಿ ಒಂದು ಡಿಗ್ರಿ ಮುಗಿಸಿ, ಸಂಶೋಧನೆಗೆ ಅಂತ ಎಂಎ, ಪಿಎಚ್‌ಡಿಗೆ ಹೋಗಿ.

ಫೀಸು ಕಟ್ಟುವ ಮೊದಲು

ಅಡ್ಮಿಷನ್ ಕೌಂಟರಿನಲ್ಲಿ ಹಾಸ್ಟೆಲ್, ಬಸ್ಸು, ಯೂನಿಫಾರ್ಮ್ ಎಲ್ಲ ಕೇಳುತ್ತೇವೆ. ಇವನ್ನೂ ಕೇಳಿ. ಅಂಕಪಟ್ಟಿಯಲ್ಲಿ ಪದವಿಯ ಹೆಸರು ಏನಂತ ಬರುತ್ತದೆ? ಬಿಎ, ಬಿಎಸ್ಸಿ ಅಂತ ಸರಿಯಾಗಿ ಇರಬೇಕು, ಬೇರೆ ಏನೋ ಹೊಸ ಹೆಸರಿದ್ದರೆ ನೇಮಕಾತಿಯಲ್ಲಿ ದಾಖಲೆ ಪರಿಶೀಲನೆ ಹೊತ್ತಿಗೆ ತಕರಾರು ಬರುತ್ತದೆ. ಪಾಠ ಮಾಡುವವರಲ್ಲಿ ಕ್ರಿಮಿನಾಲಜಿ ಅಥವಾ ಫೊರೆನ್ಸಿಕ್‌ನಲ್ಲಿ ನೆಟ್, ಅಂದರೆ ಉಪನ್ಯಾಸಕರ ಅರ್ಹತಾ ಪರೀಕ್ಷೆ ಪಾಸಾದವರು ಎಷ್ಟು ಜನ? ಎರಡಕ್ಕೂ ನೆಟ್ ಇದೆ, ಹಾಗಾಗಿ ಇದು ಅತಿಯಾದ ಪ್ರಶ್ನೆ ಏನಲ್ಲ. ಮಕ್ಕಳನ್ನು ಎಫ್‌ಎಸ್‌ಎಲ್‌ಗೆ, ಕೋರ್ಟಿಗೆ, ಜೈಲಿಗೆ ಕರೆದುಕೊಂಡು ಹೋಗುತ್ತಾರಾ, ಇಂಟರ್ನ್‌ಶಿಪ್ ಪತ್ರ ಯಾರ ಸಹಿಯಲ್ಲಿ ಬರುತ್ತದೆ? ಎರಡು ಬ್ಯಾಚ್ ಹಿಂದೆ ಪಾಸಾದ ಒಬ್ಬಿಬ್ಬರ ಫೋನ್ ನಂಬರ್ ಕೊಡಿ ಅಂತ ಕೇಳಿ. ಕೊಡುವುದಿಲ್ಲ ಅಂದರೆ ಲಿಂಕ್ಡ್‌ಇನ್‌ನಲ್ಲಿ ಕಾಲೇಜಿನ ಹೆಸರು ಹಾಕಿ ನೀವೇ ಹುಡುಕಿ. ಫೊರೆನ್ಸಿಕ್ ಓದಿದವರಲ್ಲಿ ಎಷ್ಟು ಜನ ಲ್ಯಾಬ್‌ನಲ್ಲಿದ್ದಾರೆ, ಎಷ್ಟು ಜನ ಕಾಲ್ ಸೆಂಟರ್‌ನಲ್ಲಿದ್ದಾರೆ ಅಂತ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.